ಸ್ಟಾಕ್‌ಹೋಮಿನಲ್ಲಿ ಒಗ್ಗರಣೆ ನಿಂತ ದಿನಗಳು

ಶಿಡ್ಲಘಟ್ಟ ಸ್ಟೇಷನ್ನು

ಪರದೇಶದಿಂದ ಬಂದವನನ್ನು ನಮ್ಮ ಕಡೆ ಜನ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೇನ್ ಮಾಡ್ಕೊಂಡ್ರಿ?" ಹಿಮ ಹೇಗಿತ್ತು, ಊರು ಹೇಗಿತ್ತು ಎಂದು ಒಬ್ಬನೂ ಕೇಳುವುದಿಲ್ಲ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ವಕೀಲರು ಕೇಳಿದ್ದೂ ಅದೇ, ನನಗೆ ಕ್ಷೌರ ಮಾಡುವವನು ಕೇಳಿದ್ದೂ ಅದೇ. ನಾನು "ಏನೋ ಆಯ್ತು ಬಿಡಿ" ಎಂದು ಜಾರಿಕೊಳ್ಳುತ್ತೇನೆ. ಸ್ವೀಡನ್ನಿನ ಊಟದ ವಿಷಯ ಎತ್ತಿದರೆ ನನ್ನ ಹೊಟ್ಟೆಕಿಚ್ಚಿನ ವಿಷಯವನ್ನೂ ಎತ್ತಬೇಕಾಗುತ್ತದೆ. ಎರಡೂ ಒಂದೇ ಒಲೆಯ ಮೇಲೆ ಬೆಂದಿದ್ದು. ಈಗ ಬರೆಯಲು ಕೂತೇ ಬಿಟ್ಟಿದ್ದೇನಲ್ಲ, ಎರಡನ್ನೂ ಹೇಳಿಬಿಡುತ್ತೇನೆ.

ನಾನು ಶಿಡ್ಲಘಟ್ಟದ ಒಂದು ರೇಷ್ಮೆ ಬೆಳೆಗಾರರ ಸಹಕಾರ ಸಂಘದ ಕಾರ್ಯದರ್ಶಿ. ಹುಟ್ಟಿದ್ದು ಚಿಂತಾಮಣಿಯಲ್ಲಿ. ಅಲ್ಲಿನ ಟೆಂಟಿನಲ್ಲಿ ಮರಳಿನ ಮೇಲೆ ಕೂತು ಸಿನಿಮಾ ನೋಡಿ ನೋಡಿ, ನಾನೂ ಸಿನಿಮಾಕ್ಕೆ ಕತೆ ಬರೆಯಬೇಕೆಂಬ ಹುಚ್ಚು ಹಿಡಿಯಿತು. ಮೊದಲು ಒಂದು ನಾಟಕ ಬರೆದು ಗೌರಿಬಿದನೂರಿನಲ್ಲಿ ಆಡಿಸಿದೆ. ಮೂರನೇ ಅಂಕದಲ್ಲಿ ಕರೆಂಟು ಹೋಯಿತು, ಅದರ ಹಿಂದೆಯೇ ಜನವೂ ಹೋದರು. ಆಮೇಲೆ ಮದರಾಸಿಗೆ ಹೋಗಿ ಒಂದು ಸ್ಟುಡಿಯೋದ ಗೇಟಿನ ಮುಂದೆ ಬೇಸಿಗೆಯಿಡೀ ನಿಂತೆ. ಗೇಟು ಕಾಯುವವನ ಮನೆಯ ಕಷ್ಟಸುಖವೆಲ್ಲ ನನಗೆ ಬಾಯಿಪಾಠವಾಯಿತು, ಸ್ಟುಡಿಯೋದ ಒಳಗೇನಿದೆ ಎಂದು ಮಾತ್ರ ಇವತ್ತಿಗೂ ಗೊತ್ತಿಲ್ಲ. ವಾಪಸು ಬಂದು ಸಂಘದ ಕುರ್ಚಿಯಲ್ಲಿ ಕೂತೆ.

ನಯಾಪೈಸೆ ಬಂದು ಕೆಲವು ವರ್ಷಗಳಾಗಿದ್ದವು. ಸ್ವೀಡನ್ ದೇಶದವರು ಸಹಕಾರ ಸಂಘ ನಡೆಸುವುದು ಹೇಗೆಂದು ಕಲಿಸಲು ನಮ್ಮಂಥವರನ್ನು ಕರೆಸಿಕೊಳ್ಳುತ್ತಿದ್ದರು. ನಮ್ಮ ಸಂಘಕ್ಕೂ ಕರೆ ಬಂತು. ಅಧ್ಯಕ್ಷರು ಒಬ್ಬರು, ಕಾರ್ಯದರ್ಶಿ ಒಬ್ಬ. ಅಧ್ಯಕ್ಷರು ದ್ಯಾವಪ್ಪಗೌಡರು. ಆರಡಿ ಆಳು, ಕಿವಿಯವರೆಗೆ ಮೀಸೆ, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿಗೆ ಬೆರೆಸಿ ಮಾತಾಡುವ ಮನುಷ್ಯ. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳು. ಸಿನಿಮಾ ಅಂದರೆ ಅವರಿಗೆ ಫ್ಯಾನ್ ಕೆಳಗೆ ನಿದ್ದೆ ಮಾಡುವ ಜಾಗ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಾವು ಹೊರಟಾಗ ಅವರ ಮನೆಯ ಹುಳು ಎರಡನೇ ಜ್ವರ ಎದ್ದಿದ್ದವು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇಯುವುದು ನಿಲ್ಲಿಸಿ, ಮಂಕಾಗಿ ಮಲಗಿ, ಪೊರೆ ಬಿಟ್ಟು ಏಳುತ್ತದೆ. ಅದಕ್ಕೆ ನಮ್ಮವರು ಜ್ವರ ಅನ್ನುತ್ತಾರೆ. ಚಿಕ್ಕ ರೈಲಿನ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಗೌಡರು ಹೆಂಡತಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು.

"ಏಯ್ ಅಕ್ಕಯ್ಯಮ್ಮ, ಒದ್ದೆ ಸೊಪ್ಪು ಹಾಕ್ಬೇಡ ಕಣೆ. ಕಿಟಕಿಗೆ ಗೋಣಿ ಕಟ್ಟು. ನಾಲ್ಕನೇ ಜ್ವರ ಎದ್ಮೇಲೆ ಒಗ್ಗರಣೆ ಘಾಟು ಮನೇಲಿ ಬರಬಾರ್ದು, ಗೊತ್ತಾಯ್ತಾ?"

"ಇಷ್ಟು ವರ್ಷ ಸಾಕಿದ್ದು ಯಾರು, ನೀವಾ? ಒಳಕ್ಕೆ ಬಗ್ಗಿ, ತಲೆ ಕಂಬಕ್ಕೆ ಹೊಡ್ದಾತು" ಎಂದರು ಅಕ್ಕಯ್ಯಮ್ಮ.

ನನ್ನ ಪೆಟ್ಟಿಗೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಒಂದು ಡಬ್ಬಿ ಇಂಗು. ಅದರ ಪಕ್ಕದಲ್ಲೇ ನಾನು ಬರೆದಿದ್ದ ಸಿನಿಮಾ ಕತೆ. ಗುಡಿಬಂಡೆ ಕಡೆಯ ಒಬ್ಬ ಪಾಳೇಗಾರ, ಅವನಿಗೆ ಅವಳಿ ಮಕ್ಕಳು, ಒಬ್ಬ ಅರಮನೆಯಲ್ಲಿ, ಇನ್ನೊಬ್ಬ ಕಾಡಿನಲ್ಲಿ. ಎರಡು ಕುದುರೆ ಕಾಳಗ, ಒಂದು ಭೂಕಂಪ, ಹದಿನಾಲ್ಕು ಹಾಡು. ಪರದೇಶದಲ್ಲಿ ಯಾವ ಬಾಗಿಲು ಯಾವಾಗ ತೆರೆಯುತ್ತದೋ, ಯಾರಿಗೆ ಗೊತ್ತು ಎಂದು ಇಟ್ಟುಕೊಂಡಿದ್ದೆ.

ವಿಮಾನ ನಿಲ್ದಾಣ

ವಿಮಾನದಲ್ಲಿ ಗೌಡರು ಮಂಕಿ ಟೋಪಿ ತೆಗೆಯಲಿಲ್ಲ. ಸ್ಟಾಕ್‌ಹೋಮಿನಲ್ಲಿ ಇಳಿದ ಮೇಲೆ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಇಂಗಿನ ಡಬ್ಬಿಯ ಮುಚ್ಚಳ ಎತ್ತಿ ಮೂಸಿ ನೋಡಿದ. ಒಂದು ಹೆಜ್ಜೆ ಹಿಂದಕ್ಕೆ ಹೋದ. ಮುಖದಲ್ಲಿ ಏನೂ ತೋರಿಸದೆ, ಬಹಳ ಮರ್ಯಾದೆಯಿಂದ ಮುಚ್ಚಳ ಹಾಕಿ, "ತಕ್" ಎಂದ. ತಕ್ ಅಂದರೆ ಅವರ ಭಾಷೆಯಲ್ಲಿ ಉಪಕಾರವಾಯಿತು ಎಂದು. ಆ ದೇಶದಲ್ಲಿ ಕೊಟ್ಟರೂ ತಕ್, ತಗೊಂಡರೂ ತಕ್, ಉಂಡೆದ್ದರೂ ತಕ್. ನಮ್ಮಲ್ಲಿ ಹೆಂಡತಿ ಬಡಿಸಿದ್ದಕ್ಕೆ ಉಪಕಾರವಾಯಿತು ಅಂದರೆ, ಮೈಯಲ್ಲಿ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಒಂದೆರಡು ವಿಷಯದಲ್ಲಿ ಅವರು ನಮ್ಮವರೇ. ಗಾಡಿ ರಸ್ತೆಯ ಎಡಕ್ಕೆ ಓಡಿಸುತ್ತಾರೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬರುತ್ತಾರೆ. ಗೌಡರಿಗೆ ಇದನ್ನು ನೋಡಿ ಬಹಳ ಸಮಾಧಾನವಾಯಿತು. "ಜನ ಮಡಿವಂತ್ರು ಕಣಯ್ಯ ಸೆಕ್ರೆಟ್ರಿ, ಪರವಾಗಿಲ್ಲ" ಎಂದರು. ಆದರೆ ಮಧ್ಯಾಹ್ನ ಮೂರಕ್ಕೇ ಕತ್ತಲಾದಾಗ, ಗ್ರಹಣವೆಂದುಕೊಂಡು ಸ್ನಾನಕ್ಕೆ ನೀರು ಕೇಳಿದರು.

ಮೂರನೇ ಮಹಡಿ

ನಮ್ಮನ್ನು ಇಳಿಸಿದ್ದು ಒಬ್ಬ ವಿಧವೆಯ ಮನೆಯಲ್ಲಿ, ಮೂರನೇ ಮಹಡಿ. ಆ ಅಮ್ಮನಿಗೆ ಮಗಳೊಬ್ಬಳು, ಬಿರ್ಗಿತ್ತಾ ಎಂದು ಹೆಸರು. ನಾಲಿಗೆ ತಿರುಗದೆ ಗೌಡರು ಮೊದಲ ದಿನವೇ "ಗೀತಮ್ಮ" ಮಾಡಿಬಿಟ್ಟರು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಕತ್ತರಿಸಿದ ಕೂದಲು, ಗಂಡುಹುಡುಗರ ಹಾಗೆ ಪ್ಯಾಂಟು. ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಏನು ಕೆಲಸ ಮಾಡುತ್ತೀಯಮ್ಮ ಎಂದು ಕೇಳಿದೆ, ಯಾವುದೋ ಆಫೀಸಿರಬೇಕು ಅಂದುಕೊಂಡು.

"ಚಿತ್ರ ಮಾಡುತ್ತೇನೆ. ಚಿಕ್ಕ ಚಿತ್ರಗಳು. ಕತೆಯೂ ನಾನೇ ಬರೆಯುತ್ತೇನೆ" ಎಂದಳು, ಚಪಾತಿ ಮಾಡುತ್ತೇನೆ ಅನ್ನುವ ದನಿಯಲ್ಲಿ.

ಮದರಾಸಿನ ಗೇಟು ಕಣ್ಣ ಮುಂದೆ ಬಂತು. ಇವಳಿಗೆ ಆ ಗೇಟು ಯಾರು ತೆರೆದರು?

ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಸ್ಕೂಲು ಮುಗಿದ ಮೇಲೆ ಒಂದು ಸ್ಟುಡಿಯೋದಲ್ಲಿ ಬೇರೆಯವರ ಕತೆಗಳನ್ನು ಟೈಪು ಮಾಡುವ ಕೆಲಸ. ಒಂದು ದಿನ ಕ್ಯಾಮೆರಾ ಎರವಲು ತಂದು, ತಮ್ಮದೇ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಮುಂದೆ ಸರದಿಗೆ ಕಾಯುವ ಹೆಂಗಸರ ಮೇಲೆ ಒಂದು ಚಿಕ್ಕ ಚಿತ್ರ ಮಾಡಿದಳಂತೆ. ಅದನ್ನು ಥಿಯೇಟರಿನಲ್ಲಿ ದೊಡ್ಡ ಸಿನಿಮಾದ ಮೊದಲು ತೋರಿಸಿದರಂತೆ. ಪತ್ರಿಕೆಯವರು ಬರೆದರಂತೆ. ಎರಡನೆಯದು ಹಿಮಗಡ್ಡೆ ಒಡೆಯುವ ಹಡಗಿನ ಅಡುಗೆಯವನ ಮೇಲೆ. ಈಗ ಮೂರನೆಯದು ಮಾಡಬೇಕು. ಅದನ್ನು ಒಂದು ಸಮಿತಿ ನೋಡುತ್ತದೆ. ಒಪ್ಪಿದರೆ ಅವಳಿಗೆ ದೊಡ್ಡ ಚಿತ್ರ ಮಾಡುವ ಅವಕಾಶ. ಇಲ್ಲವಾದರೆ ಮತ್ತೆ ಟೈಪು.

ಬಟ್ಟೆ ಒಗೆಯುವ ಕೋಣೆ! ನಮ್ಮ ಅಮಾನಿಕೆರೆಯ ಕಟ್ಟೆಯ ಮೇಲೆ ಬೆಳಗಿನಿಂದ ಬಟ್ಟೆ ಒಗೆಯುತ್ತಾರೆ, ಯಾರಾದರೂ ಬಂದು ಪತ್ರಿಕೆಯಲ್ಲಿ ಬರೆಯುತ್ತಾರೆಯೇ? ಇವಳ ತಾಯಿ ಬೇರೆ, ಮಗಳು ಕಾಗದ ಹರಡಿದಳೆಂದರೆ ಊಟದ ಮೇಜನ್ನೇ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದರು. ನಾನು ಬರೆಯಲು ಕೂತರೆ ನನ್ನ ಮನೆಯಲ್ಲಿ ದೀಪದೆಣ್ಣೆಯ ಮಾತು ಬರುತ್ತದೆ. ನನ್ನ ಅರ್ಧ ವಯಸ್ಸಿನವಳು, ಎರಡು ಚಿತ್ರ ಆಗಿಹೋಗಿದೆ. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಸುಳ್ಳು ಯಾಕೆ ಹೇಳಲಿ?

ಆದರೂ ಹೊಟ್ಟೆಕಿಚ್ಚಿನ ಪಕ್ಕದಲ್ಲೇ ಆಸೆಯೂ ಇತ್ತು. ಅವಳಿಗೆ ಮೂರನೆಯ ಚಿತ್ರಕ್ಕೆ ಕತೆ ಬೇಕು, ನನ್ನ ಪೆಟ್ಟಿಗೆಯಲ್ಲಿ ಕತೆ ಇದೆ. ಪಾಳೇಗಾರನ ಕತೆಯನ್ನು ಇಂಗ್ಲಿಷಿಗೆ ಇಳಿಸಿ ಅವಳ ಕೈಗಿಟ್ಟೆ. ಇಂಗಿನ ವಾಸನೆಗೆ ಮೊದಲು ಸೀನಿದಳು. ಆಮೇಲೆ ಕಿಟಕಿಯ ಪಕ್ಕ ಕೂತು ಒಂದು ಹಾಳೆಯನ್ನೂ ಬಿಡದೆ ಓದಿದಳು. ಮಾರನೇ ದಿನ ಕಾಫಿ ಕುಡಿಯುತ್ತಾ, "ಇದರಲ್ಲಿ ಬಹಳ ನಡೆಯುತ್ತದೆ" ಎಂದಳು.

ನನಗೆ ನೆಲ ಕಾಣಲಿಲ್ಲ. ಅದೇ ದಿನ ಹೆಂಡತಿಗೆ ಕಾಗದ ಬರೆದೆ, ಇಲ್ಲಿನ ಒಬ್ಬ ಚಿತ್ರ ನಿರ್ದೇಶಕಿ ನನ್ನ ಕತೆಯಲ್ಲಿ ಬಹಳ ಇದೆ ಎಂದು ಮೆಚ್ಚಿದ್ದಾಳೆ ಎಂದು. ಆ ದೇಶದಲ್ಲಿ ಬಹಳ ನಡೆಯುವುದು ಕತೆಯ ದೋಷವೆಂದು ತಿಳಿಯಲು ನನಗೆ ಇನ್ನೂ ಒಂದು ವಾರ ಬೇಕಾಯಿತು.

ಗುರುವಾರದ ಸಾರು

ಸ್ವೀಡನ್ನಿನಲ್ಲಿ ಗುರುವಾರ ಬಂತೆಂದರೆ ಮನೆಮನೆಯಲ್ಲೂ ಹಳದಿ ಬಟಾಣಿಯ ಸಾರು. ಹಂದಿಮಾಂಸ ಹಾಕುತ್ತಾರೆ, ನಮಗೆಂದು ಆ ತಾಯಿ ಹಾಕದೆ ಬೇರೆ ಪಾತ್ರೆಯಲ್ಲಿ ಮಾಡಿದ್ದರು. ನೋಡಲು ನಮ್ಮ ಬೇಳೆಯೇ. ಬಾಯಿಗಿಟ್ಟರೆ ಉಪ್ಪಿಲ್ಲ, ಹುಳಿಯಿಲ್ಲ, ಕಾರವಿಲ್ಲ, ಜ್ವರದವರಿಗೆ ಕೊಡುವ ಪಥ್ಯದ ಹಾಗೆ. ಮೊದಲ ಗುರುವಾರ ಸುಮ್ಮನೆ ನುಂಗಿದೆವು. ಎರಡನೇ ಗುರುವಾರ ನಾನು ಆ ತಾಯಿಯ ಅಪ್ಪಣೆ ಕೇಳಿ, ಚಿಕ್ಕ ಬಾಣಲೆಯಲ್ಲಿ ಬೆಣ್ಣೆ ಕಾಯಿಸಿ, ಅಂಗೈಯಲ್ಲಿ ಸಾಸಿವೆ ಹಿಡಿದು ನಿಂತೆ. ಬಾಯಲ್ಲಿ ಆಗಲೇ ನೀರು.

ಹಿಂದಿನಿಂದ ಬಂದು ಗೌಡರು ನನ್ನ ಮಣಿಕಟ್ಟು ಹಿಡಿದರು. ಕುಸ್ತಿ ಹಿಡಿತ.

"ಏಯ್, ಬುದ್ಧಿ ಐತಾ ನಿಂಗೆ? ಇವತ್ತಿಗೆ ನಮ್ಮನೇಲಿ ಹುಳ ನಾಲ್ಕನೇ ಜ್ವರ ಎದ್ದಿರ್ತವೆ."

"ಎದ್ದಿರಲಿ ಬಿಡಿ ಗೌಡ್ರೇ, ಅದಕ್ಕೇನೀಗ?"

"ಅದಕ್ಕೇನಾ? ಇನ್ನ ಹಣ್ಣಾಗಿ ಗೂಡಿಗೆ ಹತ್ತೋ ತನಕ ಒಗ್ಗರಣೆ ಇಲ್ಲ. ಘಾಟಿಗೆ ಹುಳ ಸೊಪ್ಪು ಬಿಡ್ತವೆ."

"ಅಯ್ಯೋ ಶಿವನೇ, ಹುಳ ಇರೋದು ಶಿಡ್ಲಘಟ್ಟದಲ್ಲಿ! ನಾವಿರೋದು ಸ್ಟಾಕ್‌ಹೋಮಿನಲ್ಲಿ! ಘಾಟು ಸಮುದ್ರ ದಾಟಿ ಹೋಗ್ತದಾ?"

"ಹುಳದ ಯಜಮಾನ ಯಾರು? ನಾನು. ನಾನಿಲ್ಲಿ ಘಮಘಮಾಂತ ಉಂಡ್ರೆ ಅಲ್ಲಿ ತಟ್ಟದೆ ಇರ್ತದಾ? ಅಕ್ಕಯ್ಯಮ್ಮ ಒಬ್ಬಳೇ ಸಪ್ಪೆ ತಿಂದು ಒದ್ದಾಡ್ತಾ ಇರ್ತಾಳೆ. ಇಳಿಸು ಬಾಂಡ್ಲಿ. ಇಳಿಸಯ್ಯಾ ಅಂದ್ರೆ!"

ನನಗೆ ರೇಗಿತು. ನಾನು ಎಳೆದೆ, ಅವರು ಎಳೆದರು, ಸಾಸಿವೆ ನೆಲದ ತುಂಬ ಚೆಲ್ಲಾಪಿಲ್ಲಿ. ಬೆಣ್ಣೆ ಸೀದು ಕಪ್ಪಾಯಿತು. ಕಿರುಚಾಟ ಕೇಳಿ ಬಿರ್ಗಿತ್ತಾ ಬಂದಳು. ಏನಾಯಿತೆಂದು ಕೇಳಿದಳು. ನಾಚಿಕೆಯಿಂದ ನೆಲ ನೋಡುತ್ತಾ ಎಲ್ಲ ಹೇಳಿದೆ. ನಮ್ಮ ಹಳ್ಳಿಯವರ ಮೂಢನಂಬಿಕೆ, ಓದಿಲ್ಲದ ಜನ, ತಪ್ಪು ತಿಳಿಯಬೇಡಮ್ಮ ಎಂದೂ ಸೇರಿಸಿದೆ.

ಅವಳು ನನ್ನ ಕ್ಷಮಾಪಣೆಯನ್ನು ಕೇಳಿಸಿಕೊಳ್ಳಲೇ ಇಲ್ಲ. ಗೌಡರನ್ನು ನೋಡುತ್ತಿದ್ದಳು. ಗೌಡರು ನೆಲದ ಮೇಲೆ ಕೂತು ಒಂದೊಂದೇ ಸಾಸಿವೆ ಕಾಳು ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದರು.

"ಇನ್ನು ಎಷ್ಟು ದಿನ ಇವರು ಹೀಗಿರುತ್ತಾರೆ?" ಎಂದು ಕೇಳಿದಳು.

"ಒಂದು ವಾರದ ಮೇಲಾಗಬಹುದು. ಯಾಕೆ?"

"ನನ್ನ ಚಿತ್ರ ಸಿಕ್ಕಿತು" ಎಂದಳು.

ಕ್ಯಾಮೆರಾ ಬಂದ ವಾರ

ಮಾರನೇ ದಿನವೇ ಅವಳ ಗೆಳೆಯನೊಬ್ಬ ಕ್ಯಾಮೆರಾ ತಂದ, ಮತ್ತೊಬ್ಬ ಶಬ್ದ ಹಿಡಿಯುವ ಯಂತ್ರ ತಂದ. ನಾನು ಬೆಳಗ್ಗೆ ಬೇಗ ಎದ್ದು ಕ್ಷೌರ ಮಾಡಿಕೊಂಡು, ಮುಖಕ್ಕೆ ಪೌಡರು ಹಾಕಿ, ಟೈ ಕಟ್ಟಿಕೊಂಡು ಕೂತೆ. ಇನ್ನೇನು, ಇಂಗ್ಲಿಷು ಬಲ್ಲವನು ನಾನು, ನಾಟಕ ಆಡಿಸಿದವನು ನಾನು. ಅವಳು ಬಂದು, "ನೀವು ಸ್ವಲ್ಪ ಈ ದೀಪ ಹಿಡಿದುಕೊಳ್ಳುತ್ತೀರಾ?" ಎಂದಳು.

ಹಿಡಿದುಕೊಂಡೆ. ವಾರವೆಲ್ಲ ಹಿಡಿದುಕೊಂಡೆ.

ಬೆಳಕಿನಲ್ಲಿ ಯಾರು? ದ್ಯಾವಪ್ಪಗೌಡರು! ಟೂರಿಂಗ್ ಟಾಕೀಸಿನಲ್ಲಿ ಗೊರಕೆ ಹೊಡೆದು ಮುಂದಿನ ಸಾಲಿನವರಿಂದ ಬೈಸಿಕೊಂಡ ಗೌಡರು! ಅವರು ಮಾಡಿದ್ದಾದರೂ ಏನು? ಏನೂ ಇಲ್ಲ. ಹುಳು ಹಣ್ಣಾಗುವ, ಅಂದರೆ ಮೇಯುವುದು ಮುಗಿಸಿ ಗೂಡು ಕಟ್ಟಲು ತಯಾರಾಗುವ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಜನ ಹೇಗಿರುತ್ತಾರೋ ಹಾಗಿದ್ದರು, ಅಷ್ಟೆ. ಬಾಗಿಲು ಸದ್ದಾಗದಂತೆ ಹಾಕುವುದು. ತುದಿಗಾಲಲ್ಲಿ ನಡೆಯುವುದು. ಪಿಸುಮಾತು. ಅವರ ಮುಕ್ಕಳಿಸುವ ಸದ್ದಿಗೆ ಹಿಂದಿನ ವಾರ ದೂರು ಹೇಳಿ ಚೀಟಿ ಅಂಟಿಸಿದ್ದ ಕೆಳಮನೆಯ ಮುದುಕಿ, ಈಗ ಮೆಟ್ಟಿಲಲ್ಲಿ ಸಿಕ್ಕಿ ತಲೆಬಾಗಿ ತಕ್ ಹೇಳಿದಳು. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಉಪ್ಪು. ಉಂಡು ಕಿಟಕಿಯ ಪಕ್ಕ ಕೂತು ಹಿಮ ಬೀಳುವುದನ್ನು ನೋಡುವುದು. ಕ್ಯಾಮೆರಾ ಕಡೆ ಅವರು ಒಂದು ಸಲವೂ ತಿರುಗಲಿಲ್ಲ. ಅದೂ ನಟನೆಯಲ್ಲ, ಅವರಿಗೆ ಅದರ ಮೇಲೆ ಗಮನವೇ ಇರಲಿಲ್ಲ.

ಒಂದು ದಿನ ಅವಳು, "ಇವರು ಈಗ ಏನು ಯೋಚಿಸುತ್ತಿದ್ದಾರೆ, ಕೇಳಿ" ಎಂದಳು. ಕೇಳಿದೆ.

"ಈ ಬೆಳ್ಳಗೆ ಬೀಳ್ತೈತಲ್ಲ, ಸದ್ದೇ ಇಲ್ಲ ನೋಡು. ನಮ್ಮನೇಲಿ ಈವತ್ತು ಹುಳ ಮೇಯೋ ಸದ್ದು ಮಳೆ ಬಂದಂಗೆ ಇರ್ತದೆ. ಅವಳಿಗೆ ನಿದ್ದೆ ಇರಲ್ಲ ಪಾಪ" ಎಂದರು ಗೌಡರು.

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬರೆದುಕೊಂಡಳು. ನಾನು ಕೆಲವು ಸಲಹೆ ಕೊಟ್ಟೆ. ಗೌಡರಿಗೆ ಕನಸು ಬೀಳಲಿ, ಕನಸಿನಲ್ಲಿ ಹೆಂಡತಿ ಬರಲಿ, ಒಂದು ಹಾಡು ಇಡಬಹುದು, ಸಾಹಿತ್ಯ ನಾನು ಕೊಡುತ್ತೇನೆ ಎಂದೆ. ಅವಳು ನಕ್ಕು ನನ್ನ ಭುಜ ತಟ್ಟಿ, ದೀಪವನ್ನು ಸ್ವಲ್ಪ ಮೇಲಕ್ಕೆ ಹಿಡಿಯಲು ಹೇಳಿದಳು. ಆ ಭುಜ ತಟ್ಟಿದ್ದು ನನಗೆ ಇವತ್ತಿಗೂ ಉರಿಯುತ್ತದೆ.

ಕೊನೆಗೆ ಒಂದು ಬೆಳಗ್ಗೆ ಗೌಡರು ಎದ್ದವರೇ ಮೀಸೆ ತಿರುವಿ, "ಆಯ್ತು ಕಣಯ್ಯ! ಇವತ್ತಿಗೆ ಎಲ್ಲಾ ಚಂದ್ರಿಕೆ ಹತ್ತಿರ್ತವೆ. ಹಾಕು ಒಗ್ಗರಣೆ!" ಎಂದರು. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ.

ಬಿರ್ಗಿತ್ತಾ ಈ ದಿನಕ್ಕೇ ಕಾದಿದ್ದಳು. ಆದರೆ ಗೌಡರು ಹುಟ್ಟಿದಾಗಿನಿಂದ ಸೌಟು ಹಿಡಿದವರಲ್ಲ. "ಅದು ಹೆಂಗಸರ ಕೆಲಸ, ನಂಗೊತ್ತಿಲ್ಲಪ್ಪ. ಪೋನೀ ಹೋಗ್ಲಿ, ಸೆಕ್ರೆಟ್ರಿ ಕೈಲಿ ಮಾಡ್ಸಮ್ಮ ಗೀತಮ್ಮ" ಎಂದರು. ಅಂತೂ ನನ್ನ ಕಾಲ ಬಂತು! ಓಡಿಹೋಗಿ ಟೈ ಸರಿಮಾಡಿಕೊಂಡು ಬಂದೆ. ಅವಳು ನನ್ನ ತೋಳು ಮಡಿಸಿದಳು, ಗಡಿಯಾರ ಬಿಚ್ಚಿಸಿದಳು, ಕ್ಯಾಮೆರಾವನ್ನು ಬಾಣಲೆಯ ಹತ್ತಿರಕ್ಕೆ ತಂದಳು. ಅವಳಿಗೆ ಬೇಕಾಗಿದ್ದದ್ದು ಮೊಳಕೈಯಿಂದ ಕೆಳಗೆ ಮಾತ್ರ.

ಸಿಟ್ಟಿಗೆ ಮೆಣಸಿನಕಾಯಿ ನಾಲ್ಕು ಜಾಸ್ತಿಯೇ ಮುರಿದು ಹಾಕಿದೆ. ಸಾಸಿವೆ ಸಿಡಿಯಿತು, ಇಂಗು ಹೊಗೆಯಾಡಿತು. ಶಬ್ದದ ಹುಡುಗ ಕೆಮ್ಮಿದ, ತಾಯಿ ಕೆಮ್ಮಿದರು, ಕಿಟಕಿ ತೆರೆದರು. ಕಟ್ಟಡದವರೆಲ್ಲ ಮೆಟ್ಟಿಲಲ್ಲಿ ಸಾಲಾಗಿ ನಿಂತು, ಒಬ್ಬರ ಹಿಂದೆ ಒಬ್ಬರು, ಬೆಂಕಿ ಏನಾದರೂ ಬಿದ್ದಿದೆಯೇ ಎಂದು ವಿನಯದಿಂದ ವಿಚಾರಿಸಿದರು. ಗೌಡರು ಮಾತ್ರ ಕಣ್ಣು ಮುಚ್ಚಿ ಮೂಗರಳಿಸಿ, ಒಂದು ದೊಡ್ಡ ಉಸಿರು ಎಳೆದುಕೊಂಡರು. ಕ್ಯಾಮೆರಾ ನನ್ನ ಕೈ ಬಿಟ್ಟು ಅವರ ಮುಖಕ್ಕೆ ಹೋಯಿತು, ಮತ್ತೆ ನನ್ನ ಕಡೆ ಬರಲಿಲ್ಲ.

ಕತ್ತರಿ ಕೋಣೆ

ಆಮೇಲೆ ನಮ್ಮ ಸಹಕಾರದ ಪಾಠಗಳು ಮುಂದುವರಿದವು. ಹಾಲಿನ ಸಂಘ ನೋಡಿದೆವು, ಮೊಟ್ಟೆಯ ಸಂಘ ನೋಡಿದೆವು. ಬಿರ್ಗಿತ್ತಾ ಒಂದು ಕತ್ತಲೆ ಕೋಣೆಯಲ್ಲಿ ಫಿಲ್ಮು ಕತ್ತರಿಸಿ ಅಂಟಿಸುತ್ತಿದ್ದಳು. ಗೌಡರ ಮಾತಿನ ಅರ್ಥ ಬರೆಸಿಕೊಳ್ಳಲು ನನ್ನನ್ನು ಒಂದು ದಿನ ಕರೆದುಕೊಂಡು ಹೋದಳು. ಚಿಕ್ಕ ಪರದೆಯ ಮೇಲೆ ಗೌಡರು ಸಾಸಿವೆ ಹೆಕ್ಕುತ್ತಿದ್ದರು. ಆವತ್ತು ಚೆಲ್ಲಿದ್ದನ್ನು ಅವಳು ಮತ್ತೆ ಒಂದು ಸಲ ಚೆಲ್ಲಿಸಿ ತೆಗೆದಿದ್ದಳು. ದೊಡ್ಡ ಕೈ, ಚಿಕ್ಕ ಕಾಳು. ನೋಡುತ್ತಾ ನೋಡುತ್ತಾ ಅರ್ಥ ಹೇಳುವುದನ್ನೇ ಮರೆತುಬಿಟ್ಟೆ. ಅದಕ್ಕೂ ನನಗೆ ಸಿಟ್ಟೇ ಬಂತು.

"ಒಂದು ಮಾತು ಕೇಳಲೇ?" ಎಂದಳು ಅವಳು, ಯಂತ್ರ ನಿಲ್ಲಿಸಿ. "ನಿಮ್ಮ ಊರಿನಲ್ಲಿ ಇದು ಪ್ರತಿ ಬೆಳೆಗೂ ನಡೆಯುತ್ತದಲ್ಲ. ನೀವು ಹುಟ್ಟಿದಾಗಿನಿಂದ ನೋಡಿದ್ದೀರಿ. ನೀವು ಯಾಕೆ ಬರೆಯಲಿಲ್ಲ?"

"ಇದರಲ್ಲಿ ಬರೆಯುವುದು ಏನಿದೆ?" ಎಂದೆ.

ಅವಳು ನಗಲಿಲ್ಲ. ಉತ್ತರಕ್ಕೆ ಕಾಯುವವಳ ಹಾಗೆ ನನ್ನನ್ನೇ ನೋಡಿದಳು. ನಾನು ಎದ್ದು ಕೋಟು ಹಾಕಿಕೊಂಡೆ. ಟ್ರಾಮಿನಲ್ಲಿ ಮನೆಗೆ ಬರುವಾಗ ನನ್ನ ಪಾಳೇಗಾರ, ಅವಳಿ ಮಕ್ಕಳು, ಹದಿನಾಲ್ಕು ಹಾಡು, ಎಲ್ಲ ಒಟ್ಟಿಗೆ ನೆನಪಾಗಿ ಮೈ ಪರಚಿಕೊಳ್ಳುವಂತಾಯಿತು. ಕತೆ ನನ್ನ ಸೀಮೆಯದು, ಹುಳು ನನ್ನ ಸೀಮೆಯದು, ಗೌಡರು ನನ್ನ ಅಧ್ಯಕ್ಷರು, ಸಾಸಿವೆ ನನ್ನ ಪೆಟ್ಟಿಗೆಯದು. ಚಿತ್ರ ಅವಳದ್ದು.

ಚಿಕ್ಕ ಥಿಯೇಟರು

ನಾವು ಹೊರಡುವ ವಾರದಲ್ಲಿ ಸಮಿತಿಯವರಿಗೆ ಚಿತ್ರ ತೋರಿಸಿದರು. ಚಿಕ್ಕ ಥಿಯೇಟರು, ಮೆತ್ತನೆ ಕುರ್ಚಿ. ಬಿರ್ಗಿತ್ತಾ ಹಿಂದಿನ ಸಾಲಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದಳು, ಮುಖದಲ್ಲಿ ರಕ್ತವಿಲ್ಲ. ಸಮಿತಿಯವರು ಆಕಳಿಸಲಿ, ಎದ್ದು ಹೋಗಲಿ, ಇವಳೂ ಒಂದು ಸಲ ಗೇಟಿನ ಹೊರಗೆ ನಿಲ್ಲಲಿ ಎಂದು ನಾನು ನಂದಿಯ ಭೋಗನಂದೀಶ್ವರನಿಗೆ ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟು ದೂರಕ್ಕೆ ಒಗ್ಗರಣೆ ಘಾಟು ಮುಟ್ಟುವುದಾದರೆ ನನ್ನ ಬೇಡಿಕೆಯೂ ಮುಟ್ಟಬೇಕು ತಾನೆ?

ಮುಟ್ಟಲಿಲ್ಲ. ಚಿತ್ರ ಓಡಿತು. ಹಿಮ, ಕಿಟಕಿ, ಗೌಡರು. ಯಾರೂ ಕೆಮ್ಮಲಿಲ್ಲ ಕೂಡ. ಕೊನೆಯಲ್ಲಿ ಒಂದು ಕೈ ಬಂದು ಬಾಣಲೆಗೆ ಸಾಸಿವೆ ಹಾಕಿತು. ಚಟಪಟ ಎಂದು ಆ ಸದ್ದು ಥಿಯೇಟರಿನ ತುಂಬ ಸಿಡಿದಾಗ ಮುಂದಿನ ಸಾಲಿನ ಬಿಳಿಗಡ್ಡದ ಯಜಮಾನರೊಬ್ಬರು ತಮಗೆ ಗೊತ್ತಿಲ್ಲದೆಯೇ "ಆಹ್" ಎಂದರು. ಗೌಡರ ಅರಳಿದ ಮೂಗು ಪರದೆ ತುಂಬ ನಿಂತು, ಚಿತ್ರ ಮುಗಿಯಿತು.

ಗೌಡರು ನನ್ನ ಪಕ್ಕೆಗೆ ತಿವಿದು, "ಕೈ ಯಾರ್ದಯ್ಯ ಅದು? ರೋಮ ಜಾಸ್ತಿ ಐತೆ" ಎಂದರು.

ಗೌಡರ ಹೆಸರು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು. ಕತೆ ಮತ್ತು ನಿರ್ದೇಶನ ಎಂದು ಅವಳ ಹೆಸರು ಬಂತು. ನನ್ನ ಹೆಸರು ಎಲ್ಲಕ್ಕಿಂತ ಕೆಳಗೆ, ತಕ್ ಎಂಬ ಮಾತಿನ ಮುಂದೆ. ಜನ ಎದ್ದು ಚಪ್ಪಾಳೆ ತಟ್ಟಿದರು. ಸಮಿತಿಯವರು ಅವಳ ಕೈ ಕುಲುಕಿದರು. ಅಲ್ಲೇ ಗ್ಯಾರಂಟಿಯಾಯಿತು, ದೊಡ್ಡ ಚಿತ್ರಕ್ಕೆ ಒಪ್ಪಿಗೆ. ಅವಳ ತಾಯಿ ಅತ್ತರು. ಅವಳು ಓಡಿಬಂದು ಗೌಡರ ಕಾಲು ಮುಟ್ಟಿದಳು, ಅದನ್ನೂ ನಾನೇ ಹೇಳಿಕೊಟ್ಟಿದ್ದೆ. ಗೌಡರು ತಲೆ ಮೇಲೆ ಕೈಯಿಟ್ಟು, "ಚಲ್ಲಗುಂಡಮ್ಮಾ, ನೂರು ಕಾಲ ಬಾಳು" ಎಂದು ಹರಸಿದರು. ಕೇಕು ಕೊಟ್ಟರು. ನಾನು ಹೊಟ್ಟೆ ಸರಿಯಿಲ್ಲ ಎಂದೆ. ಅದು ನಿಜವೂ ಆಗಿತ್ತು.

ಮತ್ತೆ ಶಿಡ್ಲಘಟ್ಟ

ಬೆಂಗಳೂರಿನಿಂದ ಚಿಕ್ಕ ರೈಲು. ಯಲಹಂಕ ದಾಟಿ ನಂದಿಬೆಟ್ಟ ಕಂಡ ಮೇಲೆ ಗೌಡರು ಡಬ್ಬಿಯವರಿಗೆಲ್ಲ ತಮ್ಮ ಸಿನಿಮಾ ಕತೆ ಹೇಳಲು ಶುರುಮಾಡಿದರು. ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ಅವರು ಹೀರೋ, ನಾನು ಅಡುಗೆಯವನು. ಶಿಡ್ಲಘಟ್ಟದಲ್ಲಿ ಇಳಿದು ಜಟಕಾ ಹಿಡಿದು ಹಳ್ಳಿಗೆ ಹೋದೆವು. ಬೀದಿಯ ತಿರುವಿನಲ್ಲೇ ಮೂಗಿಗೆ ಬಂತು, ಗೌಡರ ಮನೆಯಿಂದ, ಘಮ್ಮೆನ್ನುವ ಒಗ್ಗರಣೆ.

"ಹೊಸ ಬೆಳೆ ಇನ್ನ ಹಾಕಿಲ್ಲ ಅನ್ಸುತ್ತೆ" ಎಂದರು ಗೌಡರು ಖುಷಿಯಿಂದ. ಹೊಸಿಲು ದಾಟಿದವರೇ, "ಲೇ ಅಕ್ಕಯ್ಯಮ್ಮ, ಆ ಬೆಳೆ ಗೂಡು ಎಂಗಿತ್ತೇ? ಗಟ್ಟಿ ಇತ್ತಾ?" ಎಂದು ಕೇಳಿದರು.

ಅಕ್ಕಯ್ಯಮ್ಮ ನೀರಿನ ಚೊಂಬು ಕೊಟ್ಟರು. "ಮೊದಲು ಕಾಲು ತೊಳ್ಕೊಳ್ಳಿ" ಎಂದರು.

"ಕೇಳಿದ್ದಕ್ಕೆ ಹೇಳೇ."

"ಗೂಡೆಲ್ಲಿಂದ ಬರ್ತದೆ? ನೀವು ಹೋದ ವಾರಾನೇ, ಮೂರನೇ ಜ್ವರದಾಗೆ ಸುಣ್ಣಕಟ್ಟು ರೋಗ ಬಿತ್ತು. ಒಂದು ತಟ್ಟೇಲಿ ಕಂಡಿತು, ಬೆಳಗಾಗೋದ್ರಾಗೆ ಎಲ್ಲದ್ರಾಗೂ. ಬೆಳ್ಳಗೆ ಸೀಮೆಸುಣ್ಣ ಆದಂಗೆ ಸೆಟೆದು ಹೋದ್ವು. ಹೊತ್ಕೊಂಡೋಗಿ ಗುಂಡಿ ತೆಗ್ದು ಹಾಕ್ದೆ. ಕಾಗದ ಬರೆಸೋಣ ಅಂದ್ರೆ, ಅಷ್ಟು ದೂರದಾಗೆ ನೀವೊಬ್ರೇ ಸಂಕಟ ಪಡ್ತೀರ ಅಂತ ಸುಮ್ಕಾದೆ."

ಗೌಡರು ಚೊಂಬು ಹಿಡಿದು ನಿಂತೇ ಇದ್ದರು.

"ಮತ್ತೆ ಒಗ್ಗರಣೆ?"

"ಹುಳಾನೇ ಇಲ್ದಿದ್ಮೇಲೆ ಒಗ್ಗರಣೆ ಯಾಕೆ ಬಿಡ್ಲಿ? ದಿನಾ ಹಾಕ್ತಿದ್ದೆ. ಯಾಕೆ, ನೀವು ಹಾಕ್ಕೊಂತಿರ್ಲಿಲ್ವಾ ಅಲ್ಲಿ?"

ನಾನು ಗೌಡರ ಮುಖ ನೋಡಿದೆ. ಗೌಡರು ನನ್ನ ಮುಖ ನೋಡಿದರು. ಆಮೇಲೆ ಅವರು ಜಗಲಿಯ ಮೇಲೆ ಕುಸಿದು, "ಸಪ್ಪೆ ಆಲೂಗಡ್ಡೆ ತಿಂದೆ ಕಣೇ... ತುದಿಗಾಲಾಗೆ ಓಡಾಡಿದೆ..." ಎಂದರು. ಅಕ್ಕಯ್ಯಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗು ಬಾಯಿಗಿಟ್ಟು ನಕ್ಕರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಒರೆಸಿಕೊಂಡೇ ಇದ್ದರು. ಆ ಬೆಳೆ ಹೋದ ಮೇಲೆ ಅವರು ಅಳುವುದಕ್ಕೆ ಅದೇ ಮೊದಲ ಪುರುಸೊತ್ತು ಎಂದು ಕಾಣುತ್ತದೆ.

ನಾನು ಹೊರಟಾಗ ಗೌಡರು ಬಾಗಿಲವರೆಗೆ ಬಂದು ನನ್ನ ತೋಳು ಹಿಡಿದರು. "ಸೆಕ್ರೆಟ್ರಿ, ಗೀತಮ್ಮಂಗೆ ಇದನ್ನ ಬರೀಬೇಡಪ್ಪ. ಪಾಪ, ಹುಳ ಗೂಡಿಗೆ ಹತ್ತಿದ್ವು ಅಂತ ಚಿತ್ರ ಮುಗ್ಸೈತೆ ಮಗು. ನೊಂದ್ಕೊಂತದೆ."

"ಖಂಡಿತ ಬರೆಯಲ್ಲ ಗೌಡ್ರೇ" ಎಂದೆ. ಜೀವನದಲ್ಲಿ ಯಾವ ಮಾತನ್ನೂ ನಾನು ಅಷ್ಟು ಸಂತೋಷದಿಂದ ಕೊಟ್ಟಿರಲಿಲ್ಲ.

ಬಿರ್ಗಿತ್ತಾಳ ಕಾರ್ಡು ಆಗಾಗ ಬರುತ್ತದೆ. ದೊಡ್ಡ ಚಿತ್ರ ಮುಗಿಯಿತು. ಇನ್ನೊಂದು ಶುರುವಾಯಿತು. ಯಾವುದೋ ಊರಿನಲ್ಲಿ ಬಹುಮಾನ ಬಂತು. ಸಂಘದ ಆಫೀಸಿನಲ್ಲಿ ನಿಂತೇ ಓದಿ, ಒಂದು ಲೋಟ ನೀರು ಕುಡಿದು ಕೂರುತ್ತೇನೆ. ಪ್ರತಿ ಕಾರ್ಡಿನ ಕೊನೆಯಲ್ಲೂ ಗೌಡರ ಹುಳು ಹೇಗಿವೆ ಎಂದು ಕೇಳಿರುತ್ತಾಳೆ. ಚೆನ್ನಾಗಿವೆ ಎಂದು ಬರೆಯುತ್ತೇನೆ.

ಪಾಳೇಗಾರನ ಕತೆ ಒಲೆಗೆ ಹೋಯಿತು. ಈಗ ಕಣ್ಣು ಮುಚ್ಚಿದರೆ ನನಗೆ ಬೇರೆ ಚಿತ್ರ ಕಾಣುತ್ತದೆ. ಒಬ್ಬಳು ಹೆಂಗಸು, ಕಿಟಕಿಗೆ ಗೋಣಿ ಕಟ್ಟಿದ ಮನೆ. ತಟ್ಟೆಯ ಮೇಲೆ ತಟ್ಟೆ ಹೊತ್ತು ಹಿತ್ತಿಲ ಗುಂಡಿಗೆ ಹೋಗುತ್ತಾಳೆ, ಬರುತ್ತಾಳೆ. ಮನೆ ತೊಳೆಯುತ್ತಾಳೆ, ಗೋಣಿ ಬಿಚ್ಚುತ್ತಾಳೆ. ಆಮೇಲೆ ಒಲೆ ಹಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಎಣ್ಣೆಗೆ ಸಾಸಿವೆ ಹಾಕುತ್ತಾಳೆ. ದೂರದಲ್ಲಿ, ಹಿಮ ಬೀಳುವ ಊರಿನಲ್ಲಿ, ಅವಳ ಗಂಡ ತುದಿಗಾಲಲ್ಲಿ ನಡೆಯುತ್ತಿದ್ದಾನೆ. ಇದರಲ್ಲಿ ಏನೂ ಹೆಚ್ಚಿಗೆ ನಡೆಯುವುದಿಲ್ಲ. ಭೂಕಂಪ ಇಲ್ಲ, ಹಾಡು ಇಲ್ಲ.

ಕತೆಯ ಈ ಅರ್ಧ ಬಿರ್ಗಿತ್ತಾಳ ಹತ್ತಿರ ಇಲ್ಲ. ನನ್ನ ಹತ್ತಿರ ಇದೆ. ಗೌಡರಿಗೆ ಕೊಟ್ಟ ಮಾತನ್ನು ಮುರಿದಿಲ್ಲ, ಅವಳಿಗೆ ಬರೆದಿಲ್ಲ, ಇಲ್ಲಿ ಬರೆದಿದ್ದೇನೆ. ಅವಳಿಗೆ ಕನ್ನಡ ಬರುವುದಿಲ್ಲ.